ಮರಿಯ ಕಿವಿ ನಿಲ್ಲುವ ತನಕ

ಆ ನಾಯಿಮರಿಗೆ ನಾನು ಕೊಟ್ಟದ್ದು ಹದಿನೆಂಟು ನೂರು ರೂಪಾಯಿ, ಮೇಲೆ ಒಂದು ಚೀಲ ಬಿಳಿಜೋಳ. ಓಣಿಯಲ್ಲಿ ಪುಕ್ಕಟೆ ಸಿಗುವ ಮರಿಗೆ ಇಷ್ಟು ಯಾಕೆ ಸುರಿದೆ ಅಂತ ದನದ ಸಂತೆಯಲ್ಲಿ ಎಲ್ಲರೂ ಕೇಳಿದರು. ಕೇಳಬೇಕಾದದ್ದೇ. ಎತ್ತಿನ ದಲಾಲಿ ಮಾಡಿಯೇ ಮನೆ ಕಟ್ಟಿದವನು ನಾನು. ಟವಲ್ಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ದರ ಹೇಳುವಾಗ, ಎದುರಿನವನಿಗೆ ಎಷ್ಟು ಗರಜು, ಎಷ್ಟು ಅಗತ್ಯ ಇದೆ ಅನ್ನುವುದು ಅವನ ಅಂಗೈಯ ಬೆವರಿನಿಂದ ಗೊತ್ತಾಗಿಬಿಡುತ್ತದೆ. ಅವತ್ತು ಕೊರ್ಲಹಳ್ಳಿಯ ಹೊಳೆದಂಡೆಯ ಹೊಲದಲ್ಲಿ ಹಿಂಡು ತರುಬಿ ನಿಲ್ಲಿಸಿದ್ದ ಕುರಿಗಾರನಿಗೆ ನನ್ನ ಕೈ ಹಿಡಿಯುವ ಅಗತ್ಯವೇ ಬೀಳಲಿಲ್ಲ. ಗರಜು ನನ್ನ ಮುಖದ ಮೇಲೇ ಇತ್ತು.

ಆ ಸೂಲಿನ ಉಳಿದ ಮರಿಗಳ ಕಿವಿ ಮಡಚಿಕೊಂಡಿದ್ದವು. ಇದೊಂದರ ಕಿವಿ ಮಾತ್ರ ಎರಡೂ ನೆಟ್ಟಗೆ.

"ಕಿವಿ ನೋಡ್ರಿ ಸಾವ್ಕಾರ್ರ," ಅಂದ ಕುರಿಗಾರ. "ಹೊಳಿ ಆಚಿ ದಂಡಿಗೆ ತೋಳ ಕೆಮ್ಮಿದ್ರ ಇದಕ್ಕ ಕೇಳ್ತೈತಿ."

"ತೋಳ ಕೆಮ್ಮತೈತೇನಪಾ?"

"ನೀವು ರೊಕ್ಕ ಕೊಟ್ರ ಕೆಮ್ಮತೈತ್ರಿ."

ನಾನು ನಗಲಿಲ್ಲ, ಚೌಕಾಸಿಯನ್ನೂ ಮಾಡಲಿಲ್ಲ. ನನಗೆ ಬೇಕಾದದ್ದು ಕಿವಿಯೇ. ನಮ್ಮಾಕಿಗೆ, ನನ್ನ ಹೆಂಡತಿಗೆ, ಕಿವಿ ಕೇಳುವುದಿಲ್ಲ.

ಹುಟ್ಟಿನಿಂದ ಬಂದದ್ದಲ್ಲ. ಬೇಸಿಗೆಯಲ್ಲಿ ಬಾವಿಯ ನೀರು ಇಳಿದಂತೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹೋಗಿ ಒಂದು ದಿನ ತಳ ಕಂಡಿತು. ಗದಗಿಗೆ ಹೋಗಿ ಕಿವಿಗೆ ಮಷಿನ್ ಹಾಕಿಸಿದೆವು. ಮಾತು ಮಾತಾಗಿ ಕೇಳುವುದಿಲ್ಲ, ಬರೀ ಗದ್ದಲ ಕೇಳುತ್ತದೆ ಅಂತ ಅದನ್ನು ತೆಗೆದು ಟ್ರಂಕಿನಲ್ಲಿಟ್ಟಳು. ನಮ್ಮ ಮನೆ ಲಕ್ಷ್ಮೇಶ್ವರದ ಅಂಚಿಗೆ, ಶಿರಹಟ್ಟಿ ರಸ್ತೆಗೆ ಹತ್ತಿಕೊಂಡಿದೆ. ಮುಂದೆ ಗೇಟು, ಹಿಂದೆ ಹಿತ್ತಲು, ಹಿತ್ತಲಲ್ಲಿ ಅವಳ ಎರಡು ಎಮ್ಮೆ. ನಾನು ಇವತ್ತು ಮುಂಡರಗಿ, ನಾಳೆ ಗದಗ ಅಂತ ಸಂತೆ ತಿರುಗುವವನು.

ಒಂದು ಮಧ್ಯಾಹ್ನ ಓಣಿಯ ಹೆಣ್ಣುಮಗಳೊಬ್ಬಳು ಮಜ್ಜಿಗೆ ಕೇಳಲು ಬಂದು, ಕೂಗಿ ಕೂಗಿ ಸಾಕಾಗಿ, ಹಿಂದಿನಿಂದ ಹೆಗಲ ಮೇಲೆ ಕೈ ಇಟ್ಟಳು. ಒಲೆಯ ಮುಂದಿದ್ದ ನಮ್ಮಾಕಿ ಬೆಚ್ಚಿದ ರಭಸಕ್ಕೆ ಕುದಿಯುವ ಎಸರು ಕೈಮೇಲೆ ಚೆಲ್ಲಿತು. ಸುಟ್ಟ ಗಾಯ ಮಾಯ್ದಿತು, ಅಂಜಿಕೆ ಮಾಯಲಿಲ್ಲ. ಅಂದಿನಿಂದ ಅವಳು ಗೋಡೆಗೆ ಬೆನ್ನು ಹಚ್ಚಿಯೇ ಕೂಡುವಳು. ಸೊಪ್ಪು ಸೋಸುವಾಗಲೂ ಕಣ್ಣು ಒಮ್ಮೆ ಮುಂಬಾಗಿಲಿಗೆ, ಒಮ್ಮೆ ಹಿತ್ತಲಿಗೆ.

ಬೆಟಗೇರಿಗೆ ಕೊಟ್ಟ ಮಗಳು ಬಂದು ಸುಟ್ಟ ಕೈ ನೋಡಿ ಒಂದೇ ಮಾತು ಅಂದಳು: "ಅಪ್ಪಾ, ನೀ ಸಂತಿ ಬಿಡಾಂವಲ್ಲ. ಎಮ್ಮಿ ಮಾರಿಬಿಡು, ಅವ್ವನ್ನ ನಾ ಕರ್ಕೊಂಡು ಹೋಗ್ತೀನಿ." ನಮ್ಮಾಕಿ ಮಗಳ ತುಟಿಯ ಚಲನೆಯಲ್ಲೇ ಮಾತು ಓದಿಕೊಂಡು, ಎದ್ದು ಹೋಗಿ ಎಮ್ಮೆಗೆ ಕಣಿಕೆ ಹಾಕಿದಳು. ಅಷ್ಟೇ ಅವಳ ಉತ್ತರ. ನಾನು ಮಗಳ ಹತ್ತಿರ ದೀಪಾವಳಿ ತನಕ ಗಡುವು ಕೇಳಿದೆ. ಆಮೇಲೆ ಮರಿ ತಂದೆ.

ತಂದ ದಿನವೇ ಅವಳು ಕೇಳಿದಳು: "ಇದು ಬೊಗಳಿದ್ರ ನನಗೇನು ಕೇಳ್ತೈತ್ರಿ?"

ಬೊಗಳುವ ನಾಯಿ ತರಬೇಕು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಯಾರಿಗೆ ಬೊಗಳಿ ಹೇಳಬೇಕು ಅನ್ನುವುದನ್ನು ವಿಚಾರ ಮಾಡಿರಲಿಲ್ಲ.

ಆದರೆ ಅವಳು ಮರಿಯನ್ನು ದೂಡಲಿಲ್ಲ. ಹಾಲು ಹಾಕಿದಳು, ಕಂಬಳಿ ತುಂಡು ಹಾಸಿದಳು, ಸುಮ್ಮನೆ ನೋಡುತ್ತ ಕುಳಿತಳು. ಸ್ವಲ್ಪ ದಿನಕ್ಕೆ ನಾನು ಗೇಟಿನ ಚಿಲಕಕ್ಕೆ ಕೈ ಹಾಕುವ ಮೊದಲೇ ಅವಳು ಬಾಗಿಲಲ್ಲಿ ನಿಂತಿರತೊಡಗಿದಳು.

"ಹೆಂಗ ಗೊತ್ತಾತು?" ಅಂತ ಕೈಸನ್ನೆ ಮಾಡಿದೆ.

"ಇದರ ಕಿವಿ ಹೇಳ್ತು. ನಿಮ್ಮ ಗಾಡಿ ಆದ್ರ ಕಿವಿ ಹಿಂದಕ್ಕ ಹೊಂದಿಸಿ ಬಾಲ ಬಡೀತೈತಿ. ಗುರ್ತಿಲ್ಲದಾವ್ರು ಬಂದ್ರ ಎರಡೂ ಮುಂದಕ್ಕ ಮಾಡಿ ನಿಂತಬಿಡತೈತಿ. ಹಿತ್ತಲಾಗ ಬೆಕ್ಕು ಬಂದ್ರ ಒಂದ ಕಿವಿ ಅಷ್ಟ ತಿರಗತೈತಿ."

ಅವಳು ಗೋಡೆ ಬಿಟ್ಟು ನಡುಮನೆಯಲ್ಲಿ ಮಣೆ ಹಾಕಿಕೊಂಡಳು, ಎದುರಿಗೆ ಮರಿ. ಬಾಗಿಲು ಕಾಯುವ ಕೆಲಸವನ್ನು ಕಣ್ಣಿನಿಂದ ತೆಗೆದು ಆ ಎರಡು ಕಿವಿಗೆ ವಹಿಸಿದಳು.

ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಹೊತ್ತಿಗೆ ಆ ಕಿವಿ ಬಿದ್ದವು. ಮೊದಲು ಎಡದ್ದು ತುದಿಯಲ್ಲಿ ಬಾಗಿತು, ಆಮೇಲೆ ಬಲದ್ದು. ವಾರ ಕಳೆಯುವುದರೊಳಗೆ ಎರಡೂ ಬಾಡಿದ ಎಲೆಯಂತೆ ಕೆನ್ನೆಗೆ ಜೋತವು. ಒಂದು ಸಂಜೆ ಬಂದು ನೋಡಿದರೆ ಮಣೆ ಮತ್ತೆ ಗೋಡೆಗೆ ಸರಿದಿತ್ತು. ಆ ಮಣೆ ನೋಡಿ ನನಗಾದ ಸಂಕಟ ಯಾವ ವ್ಯಾಪಾರ ಮುರಿದಾಗಲೂ ಆಗಿದ್ದಿಲ್ಲ.

ಸಂತೆಯಲ್ಲಿ ನಗೆಯಾಯಿತು. "ಏನೋ ದಲಾಲಿ, ಕುದರಿ ಕಿವಿ ಅಂತ ತಂದಿ, ಆಡಿನ ಕಿವಿ ಆತಲ್ಲೋ!" ಒಬ್ಬ ಹಳೆಯ ದೋಸ್ತ ಮಾತ್ರ ನಗದೆ ದಾರಿ ಹೇಳಿದ: "ಅರ್ಧ ಕೊಯ್ಸಿಬಿಡು. ಭಾರ ಹೋತಂದ್ರ ಉಳಿದದ್ದು ತಾನ ನಿಂದರ್ತೈತಿ. ತೋಳದ ಬಾಯಿಗೆ ಸಿಗಬಾರದಂತ ಕುರಿಗಾರ್ರು ಕೊಯ್ಯೂದಿಲ್ಲೇನು?" ದೀಪಾವಳಿ ಹತ್ತಿರ ಬರುತ್ತಿತ್ತು. ನಾನು ಹೂಂ ಅಂದೆ.

ರವಿವಾರ ಮುಂಜಾನೆ ಅವನೇ ಕತ್ತಿ ಮಸೆದುಕೊಂಡು ಬಂದ, ಗಾಯಕ್ಕೆ ಹಚ್ಚಲು ಅರಿಶಿನ ಬೂದಿ ಕಲಸಿಟ್ಟ. ನಮ್ಮಾಕಿ ಕತ್ತಿ ನೋಡಿದಳು, ಮರಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. "ಬ್ಯಾಡ್ರಿ," ಅಂದಳು. ತನ್ನ ದನಿ ತನಗೆ ಕೇಳದ್ದರಿಂದ ಅವಳು ಗಟ್ಟಿಯಾಗಿ ಅನ್ನುತ್ತಾಳೋ ಮೆಲ್ಲಗೆ ಅನ್ನುತ್ತಾಳೋ ಅವಳಿಗೇ ಗೊತ್ತಾಗುವುದಿಲ್ಲ. ಅವತ್ತು ಬಹಳ ಮೆಲ್ಲಗೆ ಬಂತು.

"ನಿನ್ನ ಸಲುವಾಗಿನ," ಅಂತ ಸನ್ನೆ ಮಾಡಿ, ಮರಿ ಕಚ್ಚಬಾರದು ಅಂತ ಅದರ ಬಾಯಿ ಹಿಡಿಯಹೋದೆ. ವಯಸ್ಸು ತಿಳಿಯಲು ಎತ್ತಿನ ಬಾಯಿ ತೆರೆದು ತೆರೆದು ಬಿದ್ದ ರೂಢಿ, ಹೆಬ್ಬೆರಳು ತಾನೇ ಒಸಡಿಗೆ ಹೋಯಿತು. ಮುಂದಿನ ಸಣ್ಣ ಹಲ್ಲು ಇಲ್ಲ. ಅಲ್ಲಿ ಹೊಸ ಹಲ್ಲಿನ ಅಂಚು. ಕೋರೆ ಅಲ್ಲಾಡುತ್ತಿತ್ತು.

"ಲೇ, ತಡೀಲೇ," ಅಂದೆ ದೋಸ್ತನಿಗೆ. "ಇದು ಹಲ್ಲು ಹಾಕಾಕತ್ತೈತಿ!"

ಹಾಲುಹಲ್ಲು ಬೀಳುವ ಹೋರಿ ಮೇವು ಬಿಟ್ಟು ಬಡಕಲಾಗುತ್ತದೆ. ಅರಿಯದವನು ರೋಗ ಅಂತ ಅಗ್ಗಕ್ಕೆ ಕೊಟ್ಟುಬಿಡುತ್ತಾನೆ, ನನ್ನಂಥವನು ಕೊಳ್ಳುತ್ತಾನೆ. ಹಲ್ಲೆಲ್ಲ ಬಂದು ಬಾಯಿಗೂಡಿದ ಮೇಲೆ ಅದೇ ಹೋರಿ ಜೋಡಿಗೆ ಹೆಗಲು ಕೊಡುತ್ತದೆ. ನನ್ನ ಅರ್ಧ ಮನೆ ನಿಂತಿರುವುದು ಈ ತಿಳಿವಳಿಕೆಯ ಮೇಲೆ. ಮೈಯ ಕಸುವೆಲ್ಲ ಹಲ್ಲಿಗೆ ಹೋದಾಗ ಕಿವಿಗೆ ಎಲ್ಲಿಂದ ಬರಬೇಕು? ದೋಸ್ತ ತಾನೂ ಬೆರಳು ಹಾಕಿ ನೋಡಿ ಕತ್ತಿ ಕೆಳಗಿಟ್ಟ. "ಖರೆ ಐತಿ. ಚಹಾ ಆದ್ರೂ ಕುಡಸು," ಅಂದ.

ಅವನು ಚಹಾ ಕುಡಿದು ಎದ್ದಾಗ ನಮ್ಮಾಕಿ, "ಇಲ್ಲಿ ಕೈ ಇಡ್ರಿ," ಅಂದಳು. ಮರಿಯ ಜೋತ ಕಿವಿಯ ಬುಡಕ್ಕೆ ನನ್ನ ಬೆರಳು ಒತ್ತಿದಳು. ದೋಸ್ತ ಹೊರಗೆ ಹೋಗಿ ಗಾಡಿ ಒದ್ದು ಚಾಲೂ ಮಾಡಿದ. ಕಿವಿಯ ಎಲೆ ಹಾಗೇ ಜೋತಿತ್ತು, ಬುಡ ಮಾತ್ರ ಬಿಗಿದು ಆ ಕಡೆ ಹೊರಳಿತು.

"ಬಿದ್ದದ್ದು ಮ್ಯಾಲಿಂದು. ಬುಡ ಕೇಳಾಕತ್ತೈತಿ," ಅಂದಳು.

ಮರುದಿನ ಮಣೆ ನಡುಮನೆಗೆ ಬಂತು. ಈ ಸಲ ಮರಿಯ ಹತ್ತಿರಕ್ಕೆ, ಬುಡ ಕಾಣುವಷ್ಟು ಹತ್ತಿರಕ್ಕೆ.

ದೀಪಾವಳಿಗೆ ಮಗಳು ಬಂದಳು. ಪರೀಕ್ಷೆ ಮಾಡಬೇಕಂತಲೇ ಮುಂದಿನ ಗೇಟು ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಲಿಂದ ಬಂದಳು. ಅಷ್ಟರಲ್ಲಿ ಬಲಗಿವಿ ಎದ್ದು ನಿಂತಿತ್ತು. ಎಡದ್ದು ತುದಿ ಮುರಿದಂತೆಯೇ ಉಳಿದಿತ್ತು, ಈಗಲೂ ಹಾಗೇ ಇದೆ. ಮಗಳು ಹೊಸ್ತಿಲು ದಾಟುವುದರೊಳಗೆ ನಮ್ಮಾಕಿ ಹೊರಳಿ ನೋಡಿದಳು.

"ಕಳ್ಳರಂಗ ಯಾಕ ಬಂದೆವ್ವಾ? ಕಾಲು ತೊಳ್ಕೊ."

ಮಗಳು ಎಮ್ಮೆ ಮಾರುವ ಮಾತು ಎತ್ತಲಿಲ್ಲ. ಅವ್ವನ ಸುಟ್ಟ ಕಲೆಯ ಮೇಲೆ ಕೈ ಇಟ್ಟು ಬಹಳ ಹೊತ್ತು ಕುಳಿತಳು.

ಹಬ್ಬ ಮುಗಿದ ಮೇಲೆ ಒಂದು ದಿನ ನಾಯಿ ಗೇಟಿನ ಹತ್ತಿರ ಬೊಗಳುತ್ತಿತ್ತು. ನಮ್ಮಾಕಿ ಅದರ ಬಾಯಿ ತೆರೆದು ಮುಚ್ಚುವುದನ್ನು ನೋಡಿ ಕೇಳಿದಳು: "ಇದರ ದನಿ ಹೆಂಗೈತ್ರಿ?" ಮಾತು ಮಾರಿ ಬದುಕಿದವನು ನಾನು. ಮಾತು ಬಿಟ್ಟು ಅವಳ ಅಂಗೈಯನ್ನು ನಾಯಿಯ ಎದೆಗೆ ಹಚ್ಚಿ ಹಿಡಿದೆ. ಅದು ಬೊಗಳುವ ತನಕ ಇಬ್ಬರೂ ಕಾದೆವು.

ಮರಿ ತರುವವರಿಗೆ ನನ್ನ ಮಾತು ಇಷ್ಟು. ಎಳೆಯ ಮರಿಯ ಕಿವಿಗೆ ದರ ಕಟ್ಟಬೇಡಿರಿ, ಅದು ಏಳುತ್ತದೆ, ಬೀಳುತ್ತದೆ. ಕಿವಿ ಬಿದ್ದರೆ ಮೊದಲು ಬಾಯಿ ತೆರೆದು ಹಲ್ಲು ನೋಡಿರಿ. ಹಲ್ಲು ಹುಟ್ಟುವಾಗ ಒಣಗಿದ ಕಟಕ ರೊಟ್ಟಿ ಕಡಿಯಲು ಕೊಡಿರಿ. ಕಿವಿ ಜಗ್ಗಬೇಡಿರಿ, ಪಟ್ಟಿ ಕಟ್ಟಬೇಡಿರಿ, ಕತ್ತಿ ತಂದವನಿಗೆ ಚಹಾ ಕೊಟ್ಟು ಕಳಿಸಿರಿ. ಕಿವಿಯೊಳಗೆ ವಾಸನೆ ಬಂದರೆ, ಮರಿ ತಲೆ ಕೊಡವುತ್ತಿದ್ದರೆ ಮಾತ್ರ ದನದ ದವಾಖಾನೆಗೆ ಒಯ್ಯಿರಿ. ಹಲ್ಲೆಲ್ಲ ಬಂದ ಮೇಲೂ ಕಿವಿ ಏಳದಿದ್ದರೆ ಬಿಟ್ಟುಬಿಡಿರಿ, ಅದು ಅದರ ಹುಟ್ಟು. ಇನ್ನು, ಕಿವಿ ಕೇಳದವರ ಮನೆಗೆ ಹೋದರೆ ಹಿಂದಿನಿಂದ ಹೋಗಿ ಮುಟ್ಟಬೇಡಿರಿ. ಸುತ್ತಾದರೂ ಸರಿ, ಅವರ ಕಣ್ಣೆದುರಿಗೆ ಬಂದು ನಿಂತು, ಅವರು ನೋಡುವ ತನಕ ತಡೆಯಿರಿ.