ಕೋರಾ ಬ್ಯಾಂಡಿನ ಹೊಳೆ ಹಾಡು

ತಿರುಪ್ಪೂರಿನಲ್ಲಿ ರಾಕ್ ಬ್ಯಾಂಡ್ ಇದೆ ಅಂದರೆ ಬೆಂಗಳೂರಿನವರು ನಗುತ್ತಾರೆ. ನಗಲಿ ಬಿಡಿ. ಅವರು ರಾಕ್ ಕಾರ್ಯಕ್ರಮಕ್ಕೆ ಹಾಕಿಕೊಂಡು ಹೋಗುವ ಕರಿ ಟೀ ಶರ್ಟು, ಅದರ ಮೇಲೆ ಹಲ್ಲು ಕಿರಿಯುವ ತಲೆಬುರುಡೆ, ಎರಡೂ ಹುಟ್ಟುವುದು ನಮ್ಮ ಬೀದಿಯಲ್ಲೇ. ಬುರುಡೆಯ ಹಲ್ಲು ಒಂದಕ್ಕೊಂದು ಅಂಟದೆ ಮೂಡಿದೆಯಾ ಅಂತ ಟ್ಯೂಬ್‌ಲೈಟಿಗೆ ಹಿಡಿದು ನೋಡಿ ಪಾಸು ಮಾಡುವವಳು ನಾನು. ಹೆಸರು ಧನಶ್ರೀ, ಊರು ಅರಸೀಕೆರೆ. ವಿದೇಶಿ ಕಂಪನಿಗಳ ಪರವಾಗಿ ಬಟ್ಟೆ ತಪಾಸಣೆ ಮಾಡುವ ಆಫೀಸಿನಲ್ಲಿ ಇನ್‌ಸ್ಪೆಕ್ಟರು. ದಿನವಿಡೀ ತಪ್ಪು ಹುಡುಕುವುದೇ ಕೆಲಸವಾದ್ದರಿಂದ ನನ್ನ ಬಾಯಿ ಸ್ವಲ್ಪ ಹರಿತ ಅಂತ ಗೊತ್ತಿದ್ದವರು ಹೇಳುತ್ತಾರೆ.

ಕಾಲೇಜಿನಲ್ಲಿ ಜೊತೆಗಿದ್ದ ಜೀವನ್ ಬೆಂಗಳೂರಿನಲ್ಲಿ ಕೂತು ಒಂದು ವೆಬ್‌ಸೈಟ್ ನಡೆಸುತ್ತಿದ್ದ. ಯಾವ ದೊಡ್ಡ ಕಂಪನಿಯ ಹಂಗಿಗೂ ಬೀಳದೆ ತಾವೇ ಹಾಡು ಕಟ್ಟಿ, ತಾವೇ ಆಲ್ಬಮ್ ಮಾಡುವ ರಾಕ್ ಸಂಗೀತಗಾರರ ಸಂದರ್ಶನ ಹಾಕುವುದು ಅದರ ಕಸುಬು. ಅದರ ಓದುಗರನ್ನೆಲ್ಲ ಸೇರಿಸಿದರೆ ಒಂದು ಶೇರ್ ಆಟೋ ತುಂಬುತ್ತಿತ್ತೋ ಏನೋ. ಆದರೂ ಜೀವನ್ ಫೋನ್ ಮಾಡಿ, "ನಿನ್ನ ಕಡೆ ಯಾರಾದರೂ ಇದ್ದರೆ ಮಾತಾಡಿಸೇ" ಅಂದ. ಭಾನುವಾರ ಹೇಗೂ ಬಟ್ಟೆ ಒಗೆದು ಮಲಗುತ್ತಿದ್ದೆ. ಅದರ ಬದಲು ಕ್ಯಾಸೆಟ್ ರೆಕಾರ್ಡರ್ ಚೀಲಕ್ಕೆ ಹಾಕಿಕೊಂಡು ಹೊರಟೆ.

ಹಾಗೆ ಸಿಕ್ಕಿದವನು ಗೋಪಾಲಸಾಮಿ. 2004ರಲ್ಲಿ, ಹಳೇ ಬಸ್‌ಸ್ಟ್ಯಾಂಡಿನ ಹತ್ತಿರದ ಬೇಕರಿಯಲ್ಲಿ. ಹೆಗಲಿಗೆ ಗಿಟಾರು, ಜೇಬಿನಲ್ಲಿ ಇಂಚುಪಟ್ಟಿ. ಸುಬ್ಬಯ್ಯನ್ ಅನ್ನುವವರ ಬನಿಯನ್ ಕಂಪನಿಯಲ್ಲಿ ಅವನು ಮರ್ಚಂಡೈಸರ್. ಅಂದರೆ, ಹೊರದೇಶದ ಗಿರಾಕಿಗೆ ಒಂದು ಮಾದರಿ ಬಟ್ಟೆ ಹೊಲಿಸಿ ಕಳಿಸುವುದು, ಕಾಲರ್ ಸರಿಯಿಲ್ಲ, ತೋಳು ಉದ್ದವಾಯಿತು ಅಂತ ಗಿರಾಕಿಯಿಂದ ಬಂದ ಕಮೆಂಟ್ ನೋಡಿ ತಿದ್ದಿಸುವುದು, ಮತ್ತೆ ಕಳಿಸುವುದು. ಅಪ್ರೂವಲ್ ಬರುವವರೆಗೆ ಒಂದು ಹೊಲಿಗೆಯೂ ಮುಂದೆ ಹೋಗುವಂತಿಲ್ಲ. ಈ ಊರಿನಲ್ಲಿ ದೇವರಿಗಿಂತ ದೊಡ್ಡದು ಅಪ್ರೂವಲ್.

ನಾನು ನನ್ನ ಹರಕು ತಮಿಳಿನಲ್ಲಿ ಶುರುಮಾಡಿದೆ. ಅವನು ಕನ್ನಡದಲ್ಲಿ ಉತ್ತರ ಕೊಟ್ಟ.

"ನಮ್ಮನೇಲಿ ಕನ್ನಡವೇಂಗ ಮೇಡಂ. ತಾತನ ತಾತನ ಕಾಲದಾಗೆ ಬಂದೋರು. ಯಾವ ರಾಜನ ಕಾಲ ಅಂತ ಯಾರ್ಗೂ ನೆಪ್ಪಿಲ್ಲ. ಓದಕ್ಕೆ ಮಾತ್ರ ಬರಲ್ಲ."

ಕನ್ನಡವೇಂಗ ಅನ್ನುವಲ್ಲಿನ ಬಾಲ ತಮಿಳಿನ ಮರ್ಯಾದೆ, ನಮ್ಮ 'ರೀ' ಇದ್ದ ಹಾಗೆ. ಕನ್ನಡದ ಹಾಡನ್ನು ಅವನು ತಮಿಳು ಅಕ್ಷರದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಅವನ ಬ್ಯಾಂಡಿನ ಹೆಸರು ಕೋರಾ. ಬಿಳುಪು ಮಾಡದ, ಬಣ್ಣ ಹಾಕದ, ಮಗ್ಗದಿಂದ ಇಳಿದ ಹಾಗೇ ಇರುವ ಬಟ್ಟೆ. ಹೆಸರು ಕೇಳಿ ನನಗೆ ಖುಷಿಯಾಯಿತು. ಬ್ಯಾಂಡಿನಲ್ಲಿ ಇದ್ದವರು ಇಬ್ಬರೇ. ಇನ್ನೊಬ್ಬ ದಿವಾಕರ್, ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ಪಂಪು ರಿಪೇರಿ ಮಾಡುವವನು. ವಾರಕ್ಕೊಮ್ಮೆ ಮೋಟರ್ ಸೈಕಲ್ಲಿನ ಹಿಂದೆ ಡ್ರಮ್ಮು ಕಟ್ಟಿಕೊಂಡು ತಿರುಪ್ಪೂರಿಗೆ ಬಂದು ಬಡಿದು ಹೋಗುತ್ತಿದ್ದ.

"ನಿಮ್ಮ ಹೊಸ ಆಲ್ಬಮ್ ಬಗ್ಗೆ ಹೇಳಿ" ಅಂದೆ. ಎಲ್ಲರಿಗೂ ಕೇಳುವ ಪ್ರಶ್ನೆ. ಹಳೇ ಆಲ್ಬಮ್ ಇಲ್ಲದವರಿಗೂ ಹಾಗೇ ಕೇಳುವುದು ಜೀವನ್ ಮಾಡಿದ ನಿಯಮ.

ಅವನು ಹೇಳಲಿಲ್ಲ, ಮೇಜಿನ ಮೇಲೆ ಬೆರಳು ಬಡಿದು ಹಾಡಿದ.

"ಇವತ್ತು ಹೊಳೆ ಏನು ಬಣ್ಣ ಸಾಮಿ,
ನಿನ್ನೆ ಕೆಂಪು, ಮೊನ್ನೆ ನೀಲಿ.
ನೀರಿನ ಬಣ್ಣ ಹೆಂಗಿತ್ತು ಸಾಮಿ,
ಕಂಡೋರು ಬಂದು ಹೇಳ್ಲಿ."

ಅವನ ಮನೆ ನೊಯ್ಯಲ್ ಹೊಳೆಯ ದಂಡೆಯಲ್ಲಿತ್ತಂತೆ. ಸಂಜೆ ಶಾಲೆಯಿಂದ ಬಂದರೆ ಅವನ ಅವ್ವ ಸೆಲ್ಲಮ್ಮ ಪಾಠ ಏನು ಅಂತ ಕೇಳುತ್ತಿರಲಿಲ್ಲ, "ಇವತ್ತು ಹೊಳೆ ಏನು ಬಣ್ಣ ಸಾಮಿ?" ಅಂತ ಕೇಳುತ್ತಿದ್ದಳು. ಬಣ್ಣ ಹಾಕುವ ಕಾರ್ಖಾನೆಗಳು ಅವತ್ತು ಏನು ಅದ್ದಿದವೋ ಅದೇ ಹೊಳೆಯ ಬಣ್ಣ. ಕೆಂಪು ಹೆಚ್ಚಾಗಿ ಹರಿದರೆ ಹೊರದೇಶದಲ್ಲಿ ಕ್ರಿಸ್‌ಮಸ್ ಹತ್ತಿರ ಬಂತು ಅಂತ ಲೆಕ್ಕ. ಅವಳಿಗೆ ತಮಾಷೆಯೂ ಆಗಿತ್ತು, ಸಂಕಟವೂ ಆಗಿತ್ತು. ಆಮೇಲೆ ಬಾವಿಯೂ ಬಣ್ಣ ತಿರುಗಿತು, ಮನೆಯವರು ಪೇಟೆಗೆ ಬಂದರು.

"ಅವ್ವ ಕೇಳಿದ್ದಕ್ಕೆ ನಮ್ಮ ಕೈಲಿ ಉತ್ರ ಹೇಳಕ್ಕೆ ಆಗ್ಲಿಲ್ಲ ಮೇಡಂ," ಅಂದ. "ಆ ಮಾತಾದ್ರೂ ಒಂದು ಸಿ.ಡಿ.ಯಾಗೆ ಬರ್ಲಿ. ಅವಳ ಕೈಗೆ ಕೊಟ್ಟು, ಇದು ನಿಂದು ಅವ್ವಾ ಅನ್ಬೇಕು. ಇನ್ನೇನೂ ಆಸೆ ಇಲ್ಲ."

ನನಗೆ ಕಣ್ಣು ತುಂಬಿತು. ಪಫ್ಸ್ ಖಾರ ಅಂತ ಸುಳ್ಳು ಹೇಳಿ ನೀರು ಕುಡಿದೆ. ಆಲ್ಬಮ್ ಯಾವಾಗ ಅಂತ ಕೇಳಿದೆ.

"ಬರೋ ತಿಂಗಳು. ಅಪ್ರೂವಲ್ ಆಗ್ಬೇಕು, ಅಷ್ಟೇಂಗ."

"ಯಾರ ಅಪ್ರೂವಲ್ಲು?"

ಇವಳೆಂಥ ಇನ್‌ಸ್ಪೆಕ್ಟರ್ ಅನ್ನುವ ಹಾಗೆ ನೋಡಿದ. "ನಾಕು ಜನಕ್ಕೆ ಸ್ಯಾಂಪಲ್ ಕೊಟ್ಟಿದೀನಿ. ಕಮೆಂಟ್ ಬರ್ಬೇಕಲ್ಲ."

ನಾನು ನಕ್ಕೆ, ಬರೆದೆ, ಜೀವನ್ ಹಾಕಿದ. ಬರುವ ತಿಂಗಳು ಬಂತು, ಹೋಯಿತು. ಮುಂದಿನ ವರ್ಷವೂ ಬಂತು, ಹೋಯಿತು.

ಎರಡನೇ ಸಲ ಅವನನ್ನು ಮಾತಾಡಿಸಿದ್ದು 2006ರಲ್ಲಿ, ಅವನ ಕಂಪನಿಯ ಸ್ಯಾಂಪಲ್ ರೂಮಿನಲ್ಲಿ. ಸುತ್ತ ಮಕ್ಕಳ ಪೈಜಾಮಾಗಳು ತೂಗಾಡುತ್ತಿದ್ದವು. ಕಮೆಂಟ್‌ಗಳು ಬಂದಿದ್ದವು ಮಾರಾಯರೇ, ಯಥೇಚ್ಛವಾಗಿ ಬಂದಿದ್ದವು. ಈ ದೇಶದಲ್ಲಿ ನೀರು ಕೇಳಿದರೆ ಕೊಡದವರೂ ಅಭಿಪ್ರಾಯ ಕೇಳಿದರೆ ಕೊಡ ತುಂಬಿಸಿ ಕೊಡುತ್ತಾರೆ.

ಸುಬ್ಬಯ್ಯನ್ ಹಾಡು ಕೇಳಿ, "ಚೆನ್ನಾಗಿದೆ ತಂಬಿ, ಆದರೆ ಹೊಳೆ ವಿಚಾರ ಯಾಕೆ? ನನ್ನ ಮಚ್ಚಾನ್ ಡೈಯಿಂಗ್ ಇಟ್ಟಿದ್ದಾನಲ್ಲ" ಅಂದರಂತೆ. ಡೈಯಿಂಗ್ ಅಂದರೆ ಬಣ್ಣ ಹಾಕುವ ಕಾರ್ಖಾನೆ. ಮಚ್ಚಾನ್ ಅಂದರೆ ಹೆಂಡತಿಯ ಅಣ್ಣ, ಊರಿನಲ್ಲಿ ಅವನನ್ನು ಎದುರು ಹಾಕಿಕೊಂಡವರಿಲ್ಲ. ಸರಿ, ಹೊಳೆ ಹೋಗಿ ಆಕಾಶ ಬಂತು. ಕಾಲೇಜಿನ ಹುಡುಗರಿಗೆ ಕೇಳಿಸಿದ. ಆಕಾಶ ಬೋರು, ಲವ್ ಇರಲಿ ಅಂದರು. ಆಕಾಶ ಹೋಗಿ ನೀಲಿ ದುಪಟ್ಟಾದ ಹುಡುಗಿ ಬಂದಳು. ಕೊಯಮತ್ತೂರಿನ ಸ್ಟುಡಿಯೋದವನು, ಕನ್ನಡ ಇಲ್ಲಿ ಯಾರಿಗೆ ಬೇಕು, ಅರ್ಧ ತಮಿಳು ಅರ್ಧ ಇಂಗ್ಲಿಷ್ ಮಾಡು ಅಂದ. ಮಾಡಿದ. ಮನೆ ಮಾಲೀಕರು, ಡ್ರಮ್ ಸದ್ದಿಗೆ ಮಗು ಏಳುತ್ತೆ ಅಂದರು. ಅದು ಹಾಡಿನ ಮೇಲಿನ ಕಮೆಂಟೇ ಅಲ್ಲ, ಮಗುವಿನ ನಿದ್ದೆಯ ಸಮಾಚಾರ. ಈ ಮಹರಾಯ ಅದನ್ನೂ ತೆಗೆದುಕೊಂಡು ಡ್ರಮ್ಮನ್ನೇ ತೆಗೆದ.

ದಿವಾಕರ್ ಮುಖಕ್ಕೆ ಹೇಳಿ ಹೋದನಂತೆ. "ಪಂಪಿಂದ ಮೋಟರು ಬಿಚ್ಚಿ ಬರೀ ಪೈಪು ಮಾರ್ತೀಯಾ? ಮಾರ್ಕೋ."

ನನಗೆ ಮೈಯೆಲ್ಲ ಉರಿಯಿತು. "ಅಲ್ರೀ ಗೋಪಾಲಸಾಮಿ, ಕೋರಾ ಅಂತ ಹೆಸರಿಟ್ಟುಕೊಂಡು ಇಷ್ಟು ಬಣ್ಣಕ್ಕೆ ಅದ್ದಿದ್ದೀರಲ್ಲ, ನಾಚಿಕೆ ಆಗಲ್ವಾ? ಬೇರೆಯವರು ಹೇಳಿದ್ದಕ್ಕೆ ಇಲ್ಲ ಅನ್ನೋಕೆ ಬರಲ್ವಾ?"

"ಕಮೆಂಟ್ ಬಂದ್ರೆ ಇಲ್ಲ ಅನ್ನೋದೆಲ್ಲಿ ಮೇಡಂ?" ಅಂದ, ನಿಜಕ್ಕೂ ಆಶ್ಚರ್ಯಪಟ್ಟು. "ನೀವೇ ಬಂದು ಗುಂಡಿ ಸರಿಯಿಲ್ಲ ಅಂದ್ರೆ ನಾ ವಾದ ಮಾಡಿದೀನಾ? ಸರೀಂಗ ಅಂತೀನಿ, ಬೇರೆ ಗುಂಡಿ ಹಾಕಿಸ್ತೀನಿ. ಹಂಗೇ."

ಹಿಂದಿನ ವಾರವಷ್ಟೇ ಅವನ ಕಂಪನಿಯ ಮಾಲನ್ನು ಗುಂಡಿಯ ವಿಚಾರಕ್ಕೇ ವಾಪಸು ಕಳಿಸಿದ್ದೆ. ಹೊಸ ಆಲ್ಬಮ್ ಬರುವ ತಿಂಗಳು ಬರುತ್ತದೆ ಅಂತ ಮತ್ತೊಮ್ಮೆ ಬರೆದು ಜೀವನ್‌ಗೆ ಕಳಿಸಿದೆ.

2008ರ ದೀಪಾವಳಿಗೆ ಮುಂಚೆ ಅವನೇ ಫೋನ್ ಮಾಡಿದ. "ಮೇಡಂ, ಎಲ್ಲಾ ಅಪ್ರೂವಲ್ ಆಯ್ತು. ಸಿ.ಡಿ. ಬಂದಾವೆ. ಅವ್ವನಿಗೆ ಇನ್ನೂ ಕೇಳ್ಸಿಲ್ಲ. ನೀವೂ ಇರ್ಬೇಕು, ಬನ್ನಿ." ಮುಹೂರ್ತಕ್ಕೆ ಕರೆದ ಹಾಗೆ ಕರೆದ. ಇಷ್ಟು ವರ್ಷ ಬಾಗಿಲು ಹಾಕಿಕೊಂಡು ತಿದ್ದಿದ್ದಷ್ಟೇ, ಮುಗಿಯದ್ದನ್ನು ಅವ್ವನ ಮುಂದೆ ಇಡಬಾರದು ಅಂತ ಅವನ ಹಟ. ಎಲ್ಲರಿಗೂ ಸ್ಯಾಂಪಲ್ ಕೊಟ್ಟವನು ಅವಳೊಬ್ಬಳಿಗೆ ಕೊಟ್ಟಿರಲಿಲ್ಲ.

ಭಾನುವಾರ ಮಧ್ಯಾಹ್ನ ಹೋದೆ. ಕರೆಂಟು ತೆಗೆಯುವ ಹೊತ್ತಿಗೆ ಮುಂಚೆ ಬನ್ನಿ ಅಂತ ಎರಡು ಸಲ ಹೇಳಿದ್ದ. ಒಂದೇ ಕೋಣೆ, ಹಿಂದೆ ಅಡುಗೆಮನೆ. ಗೋಡೆಗೆ ಒರಗಿಸಿದ ರಟ್ಟಿನ ಪೆಟ್ಟಿಗೆಗಳಲ್ಲಿ ಸಿ.ಡಿ.ಗಳು. ಮುಖಪುಟದಲ್ಲಿ ನೀಲಿ ದುಪಟ್ಟಾ, ಕೆಳಗೆ ಕೋರಾ ಅಂತ ಮೂರು ಬಣ್ಣದಲ್ಲಿ ಅಚ್ಚು. ಸುಬ್ಬಯ್ಯನ್ ಎಲ್ಲವನ್ನೂ ತಾವೇ ತೆಗೆದುಕೊಳ್ಳುತ್ತಾರಂತೆ, ಹಬ್ಬಕ್ಕೆ ಕೆಲಸದವರಿಗೆ ಕೊಡುವ ಮೈಸೂರುಪಾಕಿನ ಡಬ್ಬಿಯ ಜೊತೆ ಹಂಚಲು. ಜೀವನ್ ಸಂದರ್ಶಿಸಿದ ಯಾವ ಬ್ಯಾಂಡಿಗೂ ಬಿಡುಗಡೆಗೆ ಮುಂಚೆಯೇ ಇಡೀ ಆಲ್ಬಮ್ ಖರ್ಚಾದ ದಾಖಲೆ ಇರಲಿಲ್ಲ.

ಸೆಲ್ಲಮ್ಮ ನೆಲದ ಮೇಲೆ ಕೂತು ಬನಿಯನ್ನುಗಳ ಪಿಸಿರು ಕತ್ತರಿಸುತ್ತಿದ್ದರು. ಹೊಲಿಗೆ ಮುಗಿದ ಬಟ್ಟೆಯಲ್ಲಿ ಅಲ್ಲಲ್ಲಿ ಇಣುಕುವ ನೂಲಿನ ತುದಿಗಳು ಅವು. ಹತ್ತಿರದ ಕಂಪನಿಯವರು ಮೂಟೆ ಇಳಿಸಿ ಹೋಗುತ್ತಾರೆ, ಹೆಂಗಸರು ಮನೆಯಲ್ಲೇ ಕೂತು ಕತ್ತರಿಸುತ್ತಾರೆ.

"ಬಾ ಅಮ್ಮಣಿ, ಕೂತ್ಕೋ. ಇವನ ಹಾಡು ಪೇಪರ್‌ನಾಗೆ ಹಾಕೋಳು ನೀನೇನಾ?" ಅಂದರು.

"ಪೇಪರ್ ಅಲ್ಲ ಅವ್ವ, ಕಂಪ್ಯೂಟರ್‌ನಾಗೆ" ಅಂದ ಮಗ.

"ಅದ್ಯಾರು ಓದ್ತಾರೆ?" ಅಂತ ಕೇಳಿ ಸೆಲ್ಲಮ್ಮ ನನ್ನ ಮರ್ಮಕ್ಕೇ ಕೈಹಾಕಿದರು.

ನಾನು ರೆಕಾರ್ಡರ್ ನೆಲದ ಮೇಲಿಟ್ಟು ಗುಂಡಿ ಒತ್ತಿದೆ. ಗೋಪಾಲಸಾಮಿ ಸಿ.ಡಿ.ಯನ್ನು ಮೊದಲು ಅವ್ವನ ಕೈಗೆ ಕೊಟ್ಟ. ಏನೋ ಹೇಳಬೇಕು ಅಂತ ಬಾಯಿ ತೆರೆದ. ಬೇಕರಿಯಲ್ಲಿ ಹೇಳಿದ ಮಾತು ಅದು, ಇದು ನಿಂದು ಅವ್ವಾ. ಆದರೆ ಹೊರಬರಲಿಲ್ಲ. ಸಿ.ಡಿ. ವಾಪಸು ಇಸಿದುಕೊಂಡು ಟಿ.ವಿ. ಕೆಳಗಿನ ಪ್ಲೇಯರಿಗೆ ಹಾಕಿದ.

ಸೆಲ್ಲಮ್ಮ ಕತ್ತರಿ ಕೆಳಗಿಟ್ಟರು. ಮನೆಗೆ ಯಾರೋ ದೊಡ್ಡವರು ಬಂದ ಹಾಗೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಕೊಳಲು ಬಂತು, ಕೀಬೋರ್ಡು ಬಂತು, ದುಪಟ್ಟಾ ಹಾರಿತು, ಇಂಗ್ಲಿಷಿನಲ್ಲಿ ಬೇಬಿ ಅಂದಿತು. ಹೊಲಿಗೆ ಎಲ್ಲೂ ಬಿಟ್ಟಿರಲಿಲ್ಲ. ಇನ್‌ಸ್ಪೆಕ್ಟರ್ ಆಗಿ ಹೇಳುವುದಾದರೆ ಪಾಸು ಮಾಡಬೇಕಾದ ಮಾಲು. ಮಗ ಹಾಡು ಕೇಳುತ್ತಿರಲಿಲ್ಲ, ಅವ್ವನ ಮುಖವನ್ನೇ ನೋಡುತ್ತಿದ್ದ.

ಹಾಡು ಮುಗಿಯಿತು.

"ರೊಂಬ ಚೆನ್ನಾಗೈತೆ" ಅಂದರು ಸೆಲ್ಲಮ್ಮ.

"ಕಮೆಂಟ್ ಏನಾರ ಅವ್ವ?"

"ಏನೂ ಇಲ್ಲ ಸಾಮಿ. ಕುಂದೇ ಇಲ್ಲ." ಕತ್ತರಿ ಕೈಗೆತ್ತಿಕೊಂಡರು. ಒಂದು ಬನಿಯನ್ನಿನ ತೋಳು ತಿರುಗಿಸುತ್ತ ಸಹಜವಾಗಿ ಕೇಳಿದರು. "ಇದು ಯಾರ್ದು? ನಿಂದು ಯಾವಾಗ ಬರ್ತದೆ?"

ನಾನು ಎರಡು ಸಲ ಸಂದರ್ಶನ ಮಾಡಿ, ಬೈದು ನೋಡಿದರೂ ಅವನಿಗೆ ತಾಗದೆ ಹೋದದ್ದು ಆ ಪ್ರಶ್ನೆಯಲ್ಲಿ ತಾಗಿತು. ಗೋಪಾಲಸಾಮಿ ಸಿ.ಡಿ. ಪೆಟ್ಟಿಗೆಯ ಮೇಲೆ ಕೂತ. "ಇದೇ ನಂದು ಅವ್ವ" ಅಂದ. ದನಿ ಅವನಿಗೇ ಕೇಳಿಸಿತೋ ಇಲ್ಲವೋ.

"ಹೋಗೋ. ನಿಂದು ನಂಗೆ ಗೊತ್ತಿಲ್ವಾ? ಆ ದಿವಾಕರ ಡಬಡಬ ಅಂತ ಬಡೀತಿದ್ದನಲ್ಲ, ಬಾಗ್ಲು ಹಾಕ್ಕೊಂಡ್ರೆ ನಂಗೆ ಕೇಳಲ್ವಾ? ನನ್ನ ಮಾತೇ ತಗೊಂಡು ಕಟ್ಟಿದ್ದೆ." ಅಂದವರೇ ತಲೆ ಎತ್ತದೆ, ಕೆಲಸ ನಿಲ್ಲಿಸದೆ, ಹಾಡಿಕೊಂಡರು.

"ಇವತ್ತು ಹೊಳೆ ಏನು ಬಣ್ಣ ಸಾಮಿ..."

ಗಂಟಲು ಒಡೆದಿತ್ತು, ಶ್ರುತಿ ಅಂಥದ್ದೇನೂ ಇರಲಿಲ್ಲ. ಆದರೆ ನಾಲ್ಕು ವರ್ಷದ ಹಿಂದೆ ಬೇಕರಿಯ ಮೇಜಿನ ಮೇಲೆ ಕೇಳಿದ ಹಾಡು ಒಂದು ಅಕ್ಷರ ಬದಲಾಗದೆ ಇತ್ತು. ಮಗನ ಹತ್ತಿರವೇ ಅದು ಉಳಿದಿರಲಿಲ್ಲ. ಪಿಸಿರು ಕತ್ತರಿಸಿದ ಹಾಗೆಲ್ಲ ಕತ್ತರಿ ಕಚ್ ಕಚ್ ಅನ್ನುತ್ತಿತ್ತು, ಹಾಡು ಆ ಸದ್ದಿನ ಮೇಲೇ ನಡೆಯುತ್ತಿತ್ತು. ಕಂಡೋರು ಬಂದು ಹೇಳ್ಲಿ ಅನ್ನುವಲ್ಲಿ ಅವರು ನಿಲ್ಲಿಸಿ, ಒಂದು ಮೊಂಡು ನೂಲನ್ನು ಹಲ್ಲಿನಿಂದ ಕಚ್ಚಿ ಕಿತ್ತರು. ಅಷ್ಟು ಹೊತ್ತಿಗೆ ಕರೆಂಟು ಹೋಯಿತು.

"ಮೇಡಂ, ನಿಮ್ಮ ಟೇಪು ಓಡ್ತಾ ಇದೆಯಾ?" ಅಂದ ಗೋಪಾಲಸಾಮಿ.

"ಓಡ್ತಿದೆ. ಬ್ಯಾಟರಿ ಮೇಲೆ."

"ಆ ಕ್ಯಾಸೆಟ್ ನನಗೆ ಕೊಡಿ. ಇದನ್ನ ಹಿಂಗೇ ಹಾಕ್ತೀನಿ."

ಅಭ್ಯಾಸ ನೋಡಿ, ಸುಟ್ಟರೂ ಹೋಗುವುದಿಲ್ಲ. ನನ್ನ ಬಾಯಿಂದ ತಾನಾಗಿ ಬಂತು. "ಹಾಡು ಸರಿ, ಆದರೆ ಕತ್ತರಿ ಸದ್ದು ಜಾಸ್ತಿ ಬಂದಿರುತ್ತಲ್ಲ. ಇನ್ನೊಂದು ಸಲ ಸುಮ್ಮನೆ ಕೂರಿಸಿ ಹಾಡಿಸಿದರೆ..."

ಅವನು ನನ್ನನ್ನು ನೋಡಿದ. ಸರೀಂಗ ಅಂತಾನೆ ಅಂದುಕೊಂಡೆ. ಬಾಯಿ ಆ ಮಾತಿಗೆ ಹೊರಟೂ ಇತ್ತು.

"ಇಲ್ಲ ಮೇಡಂ," ಅಂದ. "ಆ ಕಮೆಂಟ್ ನಾ ತಗೊಳ್ಳಲ್ಲ."

ನಾನು ಕ್ಯಾಸೆಟ್ ತೆಗೆದು ಅವನ ಕೈಗಿಟ್ಟೆ. ಅವನು ಜೇಬಿನಿಂದ ಫೋನ್ ತೆಗೆದು ದಿವಾಕರನ ನಂಬರ್ ಒತ್ತಿದ.