ಹಾಲಿನ ಕಾರಿನ ಜಾಲರಿ

ಬಳೆಯಷ್ಟು ಅಗಲದ ಕಪ್ಪು ರಬ್ಬರ್ ಉಂಗುರ. ಒಂದು ಕಡೆ ಕೂದಲೆಳೆಯಷ್ಟು ಸಣ್ಣ ಬಿರುಕು. ಮೊನ್ನೆ ನಾಗಮಂಗಲದ ಬಾಡಿಗೆ ಮನೆಯಲ್ಲಿ ನನ್ನ ಹಳೆಯ ಕಂಪಾಸ್ ಪೆಟ್ಟಿಗೆ ತೆರೆದಾಗ ಕೈಗೆ ಸಿಕ್ಕಿತು. ಮೂಗಿನ ಹತ್ತಿರ ಹಿಡಿದೆ. ಪೆಟ್ರೋಲಿನ ವಾಸನೆ ಹೋಗಿ ಎಷ್ಟೋ ಕಾಲವಾಗಿರಬೇಕು, ಆದರೂ ಬಂದಂತಾಯಿತು... ಅದರ ಹಿಂದೆಯೇ ಹಸಿ ಹಾಲಿನ ವಾಸನೆ.

ಆ ಎರಡೂ ಒಟ್ಟಿಗೆ ಇದ್ದದ್ದು ಒಬ್ಬರ ಕಾರಿನಲ್ಲಿ ಮಾತ್ರ. ಕ್ಯಾತನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವರು. ಸಂಬಂಧಿಕರಲ್ಲ, ಆದರೂ ನನಗೆ ಡ್ರೈವರ್ ಮಾವ. ಬಹಳ ವರ್ಷ ಬೇರೆಯವರ ಲಾರಿ ಓಡಿಸಿ, ಕೊನೆಗೆ ಒಂದು ಹಳೆಯ ಕಾರನ್ನು ಸ್ವಂತಕ್ಕೆ ಕೊಂಡಿದ್ದರು. ಅದರ ಹಿಂದಿನ ಸೀಟು ಕಿತ್ತು, ನಾಲೆಯಾಚೆಯ ತೋಟದ ಮನೆಗಳ ಹಾಲಿನ ಕ್ಯಾನುಗಳನ್ನು ತುಂಬಿಕೊಂಡು ಪ್ರತಿ ಬೆಳಿಗ್ಗೆ ಊರಿನ ಡೈರಿಗೆ ಎರಡು ಸುತ್ತು ಹೊಡೆಯುತ್ತಿದ್ದರು. ಏಳೂವರೆಗೆ ಹಾಲಿನ ಲಾರಿ ಬರುತ್ತಿತ್ತು. ಅದು ಯಾರಿಗೂ ಕಾಯುತ್ತಿರಲಿಲ್ಲ.

ನಾನು ಆಗ ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ರಜೆಯಲ್ಲಿ ನನಗೆ ಕಾರು ಕಲಿಸಿದವರು ಅವರೇ. ಲೈಸೆನ್ಸ್ ಬಂದು ಒಂದು ತಿಂಗಳಾಗಿತ್ತು. ಅವರು ಪಕ್ಕದಲ್ಲಿ ಇಲ್ಲದೆ ಒಂದು ಫರ್ಲಾಂಗೂ ಓಡಿಸಿರಲಿಲ್ಲ.

ಆ ಬೇಸಿಗೆಯಲ್ಲಿ ಮಾವ ಕೊಟ್ಟಿಗೆಯ ಕಲ್ಲಿನ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ಬಿದಿರಿನ ದಬ್ಬೆ ಕಟ್ಟಿ, ಕೈಯನ್ನು ಕತ್ತಿಗೆ ತೂಗುಹಾಕಿದ್ದಾಯಿತು. ಮರುದಿನ ಪಾಂಡವಪುರದಿಂದ ಬಂದ ಬದಲಿ ಡ್ರೈವರ್ ಕಾರು ತೆಗೆದುಕೊಂಡು ಹೋದರೆ ಅದು ನಾಲೆ ಏರಿಯ ಮೇಲೆ ನಿಂತುಬಿಟ್ಟಿತು. ಹತ್ತು ನಿಮಿಷ ಬಿಟ್ಟರೆ ಹೊರಡುವುದು, ಅರ್ಧ ಮೈಲಿಗೆ ಮತ್ತೆ ನಿಲ್ಲುವುದು. ಡೈರಿ ಸೇರುವ ಹೊತ್ತಿಗೆ ಲಾರಿ ಹೋಗಿತ್ತು. ಮಧ್ಯಾಹ್ನಕ್ಕೆ ಹಾಲೆಲ್ಲ ಒಡೆಯಿತು. ಬದಲಿ ಡ್ರೈವರ್ ಕೀ ಕೊಟ್ಟು ಬಸ್ಸು ಹತ್ತಿದ. ಡೈರಿಯ ಕಾರ್ಯದರ್ಶಿ ಮಾವನ ಜಗಲಿಗೇ ಬಂದರು.

"ನಾಳೆ ಒಂದಿನ ನೋಡ್ತೀನಿ ಕಣಣ್ಣ. ನಾಳೀಕೂ ಇಂಗೇ ಆದ್ರೆ ಬೆಳಗೊಳದ ಟೆಂಪೋದವನಿಗೆ ಏಳ್ಬುಡ್ತೀನಿ. ಜನ ನನ್ನ ಕೇಳ್ತಾರೆ."

ಟೆಂಪೋ ಒಮ್ಮೆ ಬಂದರೆ ಮಾವನ ಕಾರಿಗೆ ಮತ್ತೆ ಕೆಲಸವಿಲ್ಲ. ಅದು ಅವರಿಗೂ ಗೊತ್ತಿತ್ತು, ಬಾಗಿಲಲ್ಲಿ ನಿಂತಿದ್ದ ಅತ್ತೆಗೂ ಗೊತ್ತಿತ್ತು. ಪಾಂಡವಪುರದ ಮೆಕ್ಯಾನಿಕ್ಕನ್ನು ಕರೆಸೋಣವೆಂದರೆ ಅವನು ಕೆ.ಆರ್. ಪೇಟೆಗೆ ಹೋಗಿದ್ದ, ಎರಡು ದಿನ ಬರುವಂತಿರಲಿಲ್ಲ.

ಮಾವ ಬಾನೆಟ್ ತೆರೆಯಲೇ ಇಲ್ಲ. "ನಿಂತ್ರೆ ಸರೋಯ್ತದೆ, ಓಡುದ್ರೆ ಉಸ್ರು ಕಟ್ತದೆ. ಟ್ಯಾಂಕಿ ಒಳಗಿನ ಜಾಲರಿ ಕಟ್ಕಂಡದೆ" ಎಂದರು. ಪೆಟ್ರೋಲು ಎಂಜಿನ್ನಿಗೆ ಹೊರಡುವ ಮೊದಲೇ ಟ್ಯಾಂಕಿನ ತಳದಲ್ಲಿ ಅದನ್ನು ಸೋಸುವ ಬೆರಳುದ್ದದ ಫಿಲ್ಟರ್ ಅದು. ಹೊಸದೊಂದನ್ನು ಎಂದೋ ಮೈಸೂರಿನಿಂದ ತಂದು ಗೋಡೆಯ ಗೂಡಿನಲ್ಲಿ ಇಟ್ಟಿದ್ದರು. ಹಾಕುವ ಕೈ ಇರಲಿಲ್ಲ. ಅವರು ನನ್ನ ಕೈ ನೋಡಿದರು.

"ನಿನ್ ಕೈ ಸಣ್ಣಕದೆ, ಒಳಕ್ಕೆ ಓಯ್ತದೆ. ನಾನ್ ಏಳ್ತೀನಿ, ನೀನ್ ಮಾಡವ್ವ."

ಕಾರನ್ನು ತಳ್ಳಿ ಹೊಂಗೆ ಮರದ ನೆರಳಿಗೆ ತಂದೆವು. ಮೊದಲು ಬ್ಯಾಟರಿಯ ತಂತಿ ಬಿಚ್ಚಿಸಿದರು. ಅತ್ತೆಗೆ ಹೇಳಿ ಒಲೆ ಆರಿಸಿದರು. ಟ್ಯಾಂಕಿನಲ್ಲಿದ್ದ ಪೆಟ್ರೋಲನ್ನು ತಳದ ಬಿರಡೆಯಿಂದ ಇಳಿಸಬೇಕಾಗಿತ್ತು. ಹಿಡಿಯಲು ನಾನು ಯೋಚಿಸಿಯೇ ಒಂದು ಹಾಲಿನ ಕ್ಯಾನು ತಂದಿಟ್ಟೆ.

"ಮುಚ್ಚಳ ಬಿಗಿಯಾಗಿದೆ ಮಾವ. ಒಂದ್ ಚೂರೂ ಆವಿ ಆಗಲ್ಲ" ಎಂದೆ.

ಅವರ ಕೋಪವನ್ನು ನಾನು ಕಂಡದ್ದು ಆ ಒಂದೇ ಸಲ. "ಎತ್ತು, ಎತ್ತು ಆಚಿಗೆ! ಎಮ್ಮೆಸ್ಸಿ ಓದ್ತಾವ್ಳಂತೆ! ಅದ್ಕೆ ಒಂದ್ಸತಿ ಪೆಟ್ರೋಲ್ ವಾಸ್ನೆ ಹತ್ತುದ್ರೆ ಏನ್ ತೊಳುದ್ರೂ ಓಗಕಿಲ್ಲ. ಲಾರಿಯೋರು ಮೂಸಿ ನೋಡಿ ಊರಿನ್ ಹಾಲ್ನೆಲ್ಲ ವಾಪಸ್ ಕಳುಸ್ತಾರೆ. ಆಮ್ಯಾಕೆ ನಾನೂ ನೀನೂ ಕುಂತ್ಕಂಡು ಕುಡಿಯಾದಾ?"

"ಮಕ್ಳಿಗೆ ಏಳ್ಕೊಡೋ ರೀತಿನಾ ಇದು?" ಎನ್ನುತ್ತ ಅತ್ತೆ ಎರಡು ಖಾಲಿ ಎಣ್ಣೆ ಡಬ್ಬ ತಂದಿಟ್ಟರು. ನನ್ನ ಕಿವಿ ಬಿಸಿಯಾಗಿತ್ತು. ಆಮೇಲೆ ನಾನು ಏನನ್ನೂ ನನ್ನಷ್ಟಕ್ಕೆ ತೀರ್ಮಾನಿಸಲಿಲ್ಲ.

ಕಿತ್ತ ಸೀಟಿನ ಜಾಗದಲ್ಲಿ, ತಗಡಿನ ಕೆಳಗೆ, ಆರು ಸ್ಕ್ರೂಗಳ ದುಂಡು ಮುಚ್ಚಳವಿತ್ತು. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಮೊರದಲ್ಲಿ ಜೋಡಿಸಲು ಹೇಳಿದರು. ಐದನೆಯದು ಅಲುಗಲಿಲ್ಲ. ಸುತ್ತಿಗೆಗೆ ಕೈ ಚಾಚಿದೆ. "ಕಬ್ಣ ಬ್ಯಾಡ" ಎಂದು ಮರದ ತುಂಡು ಕೊಟ್ಟರು, ಕಿಡಿ ಹಾರಬಾರದೆಂದು. ಅಷ್ಟರಲ್ಲಿ ಎದುರುಮನೆಯಾತ ಬೀಡಿ ಸೇದುತ್ತ ಬಂದು ನಿಂತ.

"ಏನಣ್ಣೋ, ಹೆಣ್ಮಗೀನ್ ಕೈಲಿ ಟ್ಯಾಂಕಿ ಬಿಚ್ಚುಸ್ತಾ ಇದ್ದೀಯ? ಊರಲ್ಲಿ ಗಂಡುಸ್ರಿಲ್ವಾ?"

"ಅವ್ರೆ ಕಣ್ಲಾ, ಬಾಯಲ್ಲಿ ಬೀಡಿ ಮಡಿಕ್ಕಂಡು. ದೂರ ಓಗ್ಲಾ, ಇಲ್ದಿದ್ರೆ ಕಾರಿನ್ ಜೊತೆ ನೀನೂ ಓಯ್ತೀಯ!"

ಆತ ರಸ್ತೆಯಾಚೆಗೆ ಓಡಿದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಐದನೆಯ ಸ್ಕ್ರೂ ಬಿಚ್ಚಿಕೊಂಡದ್ದೂ ಆಗಲೇ.

ಮುಚ್ಚಳದ ಜೊತೆ ಕೊಳವೆಯನ್ನು ಮೆಲ್ಲಗೆ ಓರೆ ಮಾಡಿ ಎತ್ತಿದೆ. ತುದಿಯಲ್ಲಿದ್ದ ಜಾಲರಿ ಜಾಲರಿಯಾಗಿ ಕಾಣಲೇ ಇಲ್ಲ, ಕಪ್ಪು ಕೆಸರಿನ ಉಂಡೆಯಂತಿತ್ತು. ಮೊಣಕೈವರೆಗೆ ಕೈ ಇಳಿಸಿ, ತಳದ ತುಕ್ಕನ್ನು ಬಟ್ಟೆಯಿಂದ ಒರೆಸಿ ತೆಗೆದೆ. ಹೊಸ ಜಾಲರಿ ಸಿಕ್ಕಿಸಿ, ಮುಚ್ಚಳ ಮುಚ್ಚಿ, ಆರು ಸ್ಕ್ರೂ ಬಿಗಿದು, ಪೆಟ್ರೋಲು ತುಂಬಿ ನಿಂತೆ. ಮಾವ ಬಗ್ಗಿ ಮೂಗಿನಿಂದ ಒಮ್ಮೆ ಉಸಿರೆಳೆದರು.

"ಇನ್ನೊಂದ್ಸಲ ನೋಡವ್ವ" ಎಂದರು. ಅಷ್ಟೇ.

ತಪ್ಪು ಎಲ್ಲಿದೆಯೆಂದು ಅವರು ಎಂದೂ ಹೇಳಿದವರಲ್ಲ. ಕಾರು ಕಲಿಸುವಾಗಲೂ ಹಾಗೆಯೇ... ಹುಡುಕಿಕೊಳ್ಳುವವರೆಗೆ ಸುಮ್ಮನೆ ಕಾಯುತ್ತಿದ್ದರು. ಮತ್ತೆ ಆರೂ ಬಿಚ್ಚಿದೆ. ಮುಚ್ಚಳದಡಿ ಆವಿ ಸೋರದಂತೆ ಕೂರಿಸಲು ಹೊಸ ಜಾಲರಿಯ ಜೊತೆ ಬಂದಿದ್ದ ಹೊಸ ರಬ್ಬರ್ ಉಂಗುರ ಮೊರದಲ್ಲೇ ಉಳಿದಿತ್ತು. ನಾನು ಹಳೆಯದನ್ನೇ ಹಾಕಿದ್ದೆ. ಅದರ ಬಿರುಕನ್ನು ಬೆಳಕಿಗೆ ಹಿಡಿದು ತೋರಿಸಿದಾಗ ಮಾವ ತಲೆಯಾಡಿಸಿದರು. "ಈಗ ಮೆಕ್ಯಾನಿಕ್ಕು" ಎಂದರು. ನಕ್ಕು ಹೇಳಿದ ಮಾತಲ್ಲ ಅದು. ಹೊಸದನ್ನು ಕೂರಿಸಿ ಮತ್ತೆ ಬಿಗಿದೆ. ಹಳೆಯ ಉಂಗುರವನ್ನು ನಾನು ಎಸೆಯಲಿಲ್ಲ.

ಬ್ಯಾಟರಿಯ ತಂತಿ ಹಾಕುವ ಮೊದಲು ಕಾರಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ವಾಸನೆ ಪೂರ್ತಿ ಹೋಗುವವರೆಗೆ ಕಾದೆವು. ಸ್ಟಾರ್ಟ್ ಆಯಿತು. ಆದರೆ ಏರಿ ಹತ್ತುವವರೆಗೆ ಯಾವುದೂ ಖಾತ್ರಿಯಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ನಾಳೆ ಎಷ್ಟು ಹೊತ್ತಿಗೆ ಹೊರಡೋಣ ಮಾವ?" ಎಂದು ಕೇಳಿದೆ.

"ನಾನ್ ಬರಾಕಿಲ್ಲ ಕಣವ್ವ. ನಾನು ಪಕ್ಕದಲ್ಲಿ ಕುಂತಿದ್ರೆ ಎಲ್ಲಾನೂ ನಾನೇ ಮಾಡ್ದೆ ಅಂತಾರೆ."

ಅವರ ಪಾಲಿಗೆ ಉಳಿದಿದ್ದದ್ದು ಆ ಒಂದು ಬೆಳಿಗ್ಗೆ. ಅದನ್ನು ಅವರು ನನ್ನ ಕೈಗೆ ಕೊಟ್ಟುಬಿಟ್ಟರು.

ಮಾವ ಹೋದ ವರ್ಷ ತೀರಿಕೊಂಡರು. ನಾನು ಇಲ್ಲಿ ಕಾಲೇಜಿನ ಪರೀಕ್ಷೆಯ ಕೆಲಸದಲ್ಲಿದ್ದೆ. ಅಪ್ಪ ಬರೆದ ಕಾರ್ಡು ಕೈಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನಗೆ ಬಂದ ರ‍್ಯಾಂಕಿನ ವಿಷಯ ಕೇಳಿದವರಿಗೆ ಹೇಳಿದ್ದೇನೆ. ಇದನ್ನು ಯಾರಿಗೂ ಹೇಳಿರಲಿಲ್ಲ. ನನ್ನದು ಎಂದು ನಾನು ಒಳಗೆ ಇಟ್ಟುಕೊಂಡಿರುವುದು ಮಾತ್ರ ಇದನ್ನೇ. ಅವರಿಗಾದರೂ ಒಮ್ಮೆ ಹೇಳಬಹುದಿತ್ತು...

ಜಾಲರಿ ಹಾಕಿದ ಮರುದಿನ ಬೆಳಿಗ್ಗೆ ಐದೂವರೆಗೆ ನಾನೊಬ್ಬಳೇ ಕಾರು ತೆಗೆದೆ. ತೋಟದ ಮನೆಯವರು ಖಾಲಿ ಸೀಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕ್ಯಾನುಗಳನ್ನು ಒಳಗೆ ಇಟ್ಟರು. ನಾಲೆ ಏರಿ ಹತ್ತುವಾಗ ಎಂಜಿನ್ನಿನ ಸದ್ದು ಬಿಟ್ಟು ನನಗೆ ಬೇರೇನೂ ಕೇಳಿಸಲಿಲ್ಲ. ಹಿಂದಿನ ದಿನ ನಿಂತ ಜಾಗ ದಾಟಿತು. ಡೈರಿ ಮುಟ್ಟಿದಾಗ ಲಾರಿ ಇನ್ನೂ ಬಂದಿರಲಿಲ್ಲ. ಕಾರ್ಯದರ್ಶಿ ಕಾರಿನೊಳಗೆ ಬಗ್ಗಿ ನೋಡಿ, "ಅಣ್ಣ ಎಲ್ಲವ್ವ?" ಎಂದರು. "ಮನೇಲವ್ರೆ" ಎಂದೆ. ಕ್ಯಾನುಗಳು ಇಳಿದ ಮೇಲೆ ಕಾರು ತಿರುಗಿಸಿದೆ. ದಾರಿಯಲ್ಲಿ ಮಾವ ತಮ್ಮ ಮನೆಯ ಮುಂದೆ, ಕೈ ಕತ್ತಿಗೆ ಕಟ್ಟಿಕೊಂಡು ನಿಂತಿದ್ದರು. ನಾನು ನಿಲ್ಲಿಸಲಿಲ್ಲ. ಎರಡನೇ ಸುತ್ತಿನ ಹಾಲು ತರಲು ಹೋದೆ.