ಶಾರದಕ್ಕನ ಕೈ

ನಗುವವರು ನಗಲಿ, ನನಗೇನೂ ಆಗಬೇಕಾಗಿಲ್ಲ. ಕಂಪ್ಯೂಟರ್ ಕೆಲಸದವನು ನಾನು, ಇಂಥ ಕತೆ ಕೇಳಿ ಮೊದಲು ನಗುತ್ತಿದ್ದವನೂ ನಾನೇ. ಆದರೆ ಶಿರಸಿಯ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಆ ರಾತ್ರಿ ನಡೆದದ್ದು ನಡೆದದ್ದೇ.

ಅಲ್ಲಿ ಎಂಟು ವರ್ಷ ರಿಪೋರ್ಟ್ ಟೈಪ್ ಮಾಡಿದವಳು ಶಾರದಕ್ಕ. ಅವಳು ಮೌಸ್ ಒತ್ತುವುದು, ಕೀಲಿ ಬಡಿಯುವುದು, ನಡುನಡುವೆ ಕೈ ಕೊಡವಿ ಸುಧಾರಿಸಿಕೊಳ್ಳುವುದು... ಎಲ್ಲವನ್ನೂ ಒಂದು ವಾರ ರೆಕಾರ್ಡ್ ಮಾಡಿಕೊಂಡೆ. ಹೊಸಬರಿಗೆ ಕಲಿಸಲಿಕ್ಕೆ ಅಂತ ಸುಳ್ಳು ಹೇಳಿದ್ದೆ. ಅದರಿಂದ ತಾನೇ ಮೌಸ್ ಆಡಿಸಿ ತಾನೇ ಟೈಪ್ ಮಾಡುವ ಪ್ರೋಗ್ರಾಂ ತಯಾರಾಯಿತು. ಅವಳ ಕೆಲಸ ಹೋಯಿತು.

"ಯನ್ನ ಕೈ ತಗಂಡೆ ತಮಾ... ನೀನೇ ಇಟ್ಕ," ಅಂದು ಹೋದಳು.

ಆಮೇಲೆ ಪ್ರೋಗ್ರಾಂ ದಿನಾ ರಾತ್ರಿ ಕುಂಟತೊಡಗಿತು. ಕಿರವತ್ತಿಯ ಆರೋಗ್ಯ ಶಿಬಿರದ ರಿಪೋರ್ಟುಗಳು ರಾಶಿ ಬಿದ್ದ ದಿನ ಮಾಲೀಕರು ಗುಡುಗಿದರು. "ಮುಂಜಾನೆ ಎಂಟರೊಳಗ ಎಲ್ಲಾ ಹೋಗಿರ್ಬೇಕು. ಇಲ್ಲಾಂದ್ರ ಶಾರದಕ್ಕನ್ನ ಕಳಿಸಿದಂಗ ನಿನ್ನೂ ಕಳಸ್ತೀನಿ ನೋಡು."

ರಾತ್ರಿ ಲ್ಯಾಬಿನಲ್ಲಿ ನಾನೊಬ್ಬನೇ. ಸ್ಪಿರಿಟ್ ವಾಸನೆ, ಫ್ರಿಜ್ಜಿನ ಗುಂಯ್ ಸದ್ದು. ಪರದೆಯ ಮೇಲೆ ಮೌಸಿನ ಬಾಣ ತಾನಾಗಿ ಓಡಾಡುತ್ತಿತ್ತು.

ತಪ್ಪು ಬೇಗ ಸಿಕ್ಕಿತು. ಪ್ರತಿ ರಿಪೋರ್ಟಿಗೂ ಫಾರಂ ತೆರೆಯುತ್ತಿದ್ದ ಪ್ರೋಗ್ರಾಂ, ಕೆಲಸ ಮುಗಿದರೂ ಅದನ್ನು ಬಿಡುತ್ತಿರಲಿಲ್ಲ. ನೂರಾರು ಫಾರಂ ಮೆಮೊರಿಯಲ್ಲಿ ತುಂಬಿಕೊಂಡು ಕೂತಿದ್ದವು. ಅವನ್ನು ಮುಚ್ಚುವ ಒಂದು ಸಾಲನ್ನು ಪ್ರೋಗ್ರಾಮಿಗೆ ಸೇರಿಸಿದೆ. ಮೆಮೊರಿಯ ಹೊರೆ ಇಳಿಯಿತು, ಆದರೂ ವೇಗ ಸಾಲದು.

ಉಳಿದಿದ್ದು ರೆಕಾರ್ಡಿನ ಜೊತೆಗೇ ಪ್ರೋಗ್ರಾಮಿಗೆ ಬಂದಿದ್ದ, ಶಾರದಕ್ಕ ಕೈ ಸುಧಾರಿಸಿಕೊಂಡ ಆ ವಿರಾಮಗಳು. ಒಂದನ್ನೂ ಬಿಡದೆ ಕಿತ್ತು ಹಾಕಿದೆ. ಬಾಣ ಹುಚ್ಚು ಹಿಡಿದಂತೆ ಓಡಿತು.

ಎರಡು ನಿಮಿಷ ಆಗಿರಲಿಲ್ಲ... ಮೊಬೈಲ್ ಬಡಿದುಕೊಂಡಿತು. ಶಾರದಕ್ಕ!

"ಎಂತ ಮಾಡ್ದೆ ತಮಾ ಈಗ?" ಅವಳಿಗೆ ಉಸಿರೇ ಸಿಗುತ್ತಿರಲಿಲ್ಲ. "ದಿನಾ ರಾತ್ರಿ ಕೈ ತನ್ನಷ್ಟಕ್ಕೇ ಆಡ್ತಿತ್ತು. ಮಧ್ಯ ಒಂಚೂರು ನಿಲ್ತಿತ್ತು... ಈಗ ನಿಲ್ತಾನೇ ಇಲ್ಲೆ. ನಮ್ಮನೆಯವ್ರು ಹಿಡಕಂಡ್ರೂ ನಿಲ್ತಾ ಇಲ್ಲೆ."

ಮಂಚದ ಹಲಗೆಗೆ ಬೆರಳು ಬಡಿಯುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಟಕ್... ಟಕ್ಟಕ್... ಟಕ್. ಪರದೆ ನೋಡಿದೆ. ಇಲ್ಲಿ ಒಂದು ಅಕ್ಷರ ಬಿದ್ದಾಗ ಅಲ್ಲಿ ಒಂದು ಬಡಿತ.

ಪ್ರೋಗ್ರಾಂ ತಡೆದೆ. ಸದ್ದೂ ನಿಂತಿತು.

"ನಿಂತತು... ಹಂಗೇ ಇರ್ಲಿ ತಮಾ, ಹಂಗೇ ಬಿಡು..." ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಗಂಟೆ ಮೂರೂ ಕಾಲು. ಇನ್ನೂ ನಾನೂರು ರಿಪೋರ್ಟ್ ಬಾಕಿ. ನನಗೂ ಮನೆಯಿದೆ, ಮಕ್ಕಳಿದ್ದಾರೆ. ಮೊಬೈಲ್ ಸ್ವಿಚ್ ಆಫ್ ಮಾಡಿ ಪ್ರೋಗ್ರಾಂ ಮತ್ತೆ ಓಡಿಸಿದೆ.

ಎಂಟಕ್ಕೆ ಮೊದಲೇ ಎಲ್ಲ ಹೋದವು. ಮಾಲೀಕರು ಬೆನ್ನು ತಟ್ಟಿದರು. ಮೊಬೈಲ್ ಆನ್ ಮಾಡಿದರೆ ಮಿಸ್ಡ್ ಕಾಲ್ ಮೆಸೇಜುಗಳ ಸಾಲು, ಎಲ್ಲ ಶಾರದಕ್ಕನವೇ. ಕೊನೆಯದು ಐದು ಗಂಟೆಗೆ. ಆಮೇಲೆ ಒಂದೂ ಇಲ್ಲ.

ಅವಳ ಮನೆ ಸಿದ್ದಾಪುರ ರಸ್ತೆಯಲ್ಲಿ, ಬೈಕಿನಲ್ಲಿ ಹತ್ತೇ ನಿಮಿಷ. ಈಗ ನಾನು ಆ ರಸ್ತೆ ಬಿಟ್ಟು ಸುತ್ತು ಹಾಕಿ ಓಡಾಡುತ್ತೇನೆ. ಅವಳು ಹೇಗಿದ್ದಾಳೆಂದು ಯಾರನ್ನೂ ಕೇಳಿಲ್ಲ, ಕೇಳುವ ಧೈರ್ಯವೂ ಇಲ್ಲ. ನಾನು ಇದನ್ನು ಬರೆಯುವಾಗಲೂ ಪ್ರೋಗ್ರಾಂ ಓಡುತ್ತಿದೆ... ಎಲ್ಲೂ ನಿಲ್ಲದೆ.